ಹಳೇ ಬೆಳಕು ಬೇಕೆಂದರೆ ಯಾವ ದೀಪ? ಕ್ರಿಸ್‌ಮಸ್‌ಗೆ ಜೀರೋ ಬಲ್ಬು, ಸೀರಿಯಲ್ ಸೆಟ್ಟು, ಎಲ್‌ಇಡಿ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಮೈಸೂರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿಬರುವ ಮಾತು, "ಹಳೇ ಥರದ್ದು ಇದೆಯಾ?" ಅಂಗಡಿಯವರು ವಾರ್ಮ್ ವೈಟ್ ಎಂದು ಬರೆದ ಡಬ್ಬಿಯೊಂದನ್ನು ಮುಂದಿಡುತ್ತಾರೆ. ಮನೆಗೆ ತಂದು ಹಚ್ಚಿದರೆ ಹಳದಿಯೇನೋ ಇರುತ್ತದೆ, ಆದರೆ ಹಳೇ ಥರ ಇರುವುದಿಲ್ಲ. ಕೊಂಡವರಿಗೂ ಎಲ್ಲಿ ತಪ್ಪಿತೆಂದು ಹೇಳಲು ಬರುವುದಿಲ್ಲ.

ಹೇಳುವುದು ಕಷ್ಟವಲ್ಲ, ಅಳತೆಗೋಲು ಊರಿನಲ್ಲೇ ಇದೆ. ಭಾನುವಾರ ಅಥವಾ ಸರ್ಕಾರಿ ರಜೆಯ ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತುವಾಗ ಸರಿಯಾಗಿ ನೋಡಿ. ಒಂದು ಲಕ್ಷಕ್ಕೆ ಹತ್ತಿರದಷ್ಟು ಬಲ್ಬುಗಳಿದ್ದರೂ ಒಂದೂ ಮಿಣುಕುವುದಿಲ್ಲ. ಕಮಾನಿನ ಗೆರೆ ಹಿಡಿದು ಒಂದೊಂದು ಬಲ್ಬೂ ಬೇರೆಯೇ ಚುಕ್ಕೆಯಾಗಿ ನಿಲ್ಲುತ್ತದೆ. ಬೆಳಕು ಮುಂದಕ್ಕೆ ಚುಚ್ಚದೆ ಹಿಂದಿನ ಗೋಡೆಯ ಮೇಲೂ ಹರಡುತ್ತದೆ. ಸುತ್ತಲೂ ಹರಡುವ ಬೆಳಕು, ನಡುವೆ ಕತ್ತಲು ಬಿಟ್ಟ ಚುಕ್ಕೆ, ಅಲುಗಾಡದ ಉರಿ, ತುಸು ಕೆಂಪಿಗೆ ತಿರುಗಿದ ಹಳದಿ. ಹಳೇ ಬೆಳಕು ಎಂದರೆ ಈ ನಾಲ್ಕು. ಅಂಗಡಿಯ ಡಬ್ಬಿ ಕೊಡುವುದು ಕೊನೆಯದನ್ನು ಮಾತ್ರ. ಉಳಿದ ಮೂರನ್ನು ನಾವೇ ನೋಡಿಕೊಳ್ಳಬೇಕು. ಯಾವ ದೀಪ ಕೊಳ್ಳಬೇಕೆನ್ನುವುದಕ್ಕಿಂತ ಯಾವುದನ್ನು ಎಲ್ಲಿ ಕಟ್ಟಬೇಕೆನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ.

ಜೀರೋ ಬಲ್ಬಿನ ತೋರಣ

ಹಿರಿಯರ ಬಾಯಲ್ಲಿ ಇದು ಇನ್ನೂ ಜೀರೋ ಕ್ಯಾಂಡಲ್ ಬಲ್ಬು. ಹೆಸರಿನಲ್ಲಿ ಸೊನ್ನೆ ಇದ್ದರೂ ಹಳೆಯ ತಂತಿಯ (ಫಿಲಮೆಂಟ್) ಬಲ್ಬು ತಿನ್ನುವುದು ಸುಮಾರು 15 ವ್ಯಾಟ್. ಕಾಂಪೌಂಡು, ತಾರಸಿಯ ಅಂಚು, ಬಾಗಿಲ ಕಮಾನು ಇಂಥ ಕಡೆ ಇದಕ್ಕೆ ಸರಿಸಾಟಿ ಇಲ್ಲ. ರಸ್ತೆಯಿಂದ ನೋಡಿದರೆ ಬಲ್ಬುಗಳು ಬಿಡಿಬಿಡಿಯಾಗಿ ಕಾಣುತ್ತವೆ, ಹತ್ತಿರ ಬಂದರೆ ಕಣ್ಣಿಗೆ ಹೊಡೆಯುವುದಿಲ್ಲ.

40 ಅಡಿ ಉದ್ದದ ತೋರಣಕ್ಕೆ ಅಡಿಗೊಂದರಂತೆ 40 ಬಲ್ಬು, 40 ಬೇಕಲೈಟ್ ಹೋಲ್ಡರ್, 1 ಚದರ ಮಿಲಿಮೀಟರ್ ತಾಮ್ರದ ಎರಡೆಳೆ ವೈರು 20 ಮೀಟರ್, ಒಂದು 6 ಆಂಪಿಯರ್ ಮೂರು ಪಿನ್ ಪ್ಲಗ್ಗು ಬೇಕು. 40 ಅಡಿ ಎಂದರೆ 12 ಮೀಟರ್ ಸಾಕಲ್ಲವೇ ಎಂದು ಕೇಳಬಹುದು. ಜೋಲು ಬೀಳಲು, ಹೋಲ್ಡರ್ ಒಳಗೆ ಮಡಚಲು, ಪ್ಲಗ್ಗಿನ ತನಕ ತಲುಪಲು ಉಳಿದದ್ದು ಖರ್ಚಾಗುತ್ತದೆ. ಕಡಿಮೆ ತಂದು ನಡುವೆ ಗಂಟು ಹಾಕುವವರೇ ಹೆಚ್ಚು, ಆಮೇಲೆ ಕೈಕೊಡುವುದೂ ಆ ಗಂಟೇ.

ಕಟ್ಟುವಾಗ ಪ್ರತಿ ಹೋಲ್ಡರಿಗೂ ವೈರನ್ನು ಕತ್ತರಿಸಬೇಡಿ. ಬೇಕಾದ ಜಾಗದಲ್ಲಿ ಅರ್ಧ ಇಂಚು ಮಾತ್ರ ಸಿಪ್ಪೆ ಸುಲಿದು, ಎಳೆಗಳನ್ನು ಹುರಿ ಮಾಡಿ, ಮಡಚಿ ಹೋಲ್ಡರಿನ ಸ್ಕ್ರೂ ಕೆಳಗೆ ಸಿಕ್ಕಿಸಿ ಬಿಗಿ ಮಾಡಿ. ವೈರು ಈ ತುದಿಯಿಂದ ಆ ತುದಿಯವರೆಗೆ ಅಖಂಡವಾಗಿದ್ದರೆ ಒಂದು ಸ್ಕ್ರೂ ಸಡಿಲವಾದಾಗ ಆ ಒಂದು ಬಲ್ಬು ಆರುತ್ತದೆ ಅಷ್ಟೆ. ಕತ್ತರಿಸಿ ಜೋಡಿಸಿದ್ದರೆ ಅಲ್ಲಿಂದ ಮುಂದಿನದೆಲ್ಲ ಕತ್ತಲು. ಕೂದಲೆಳೆಯಷ್ಟು ತಾಮ್ರ ಹೊರಗೆ ಚಾಚಿಕೊಂಡು ಪಕ್ಕದ ಸ್ಕ್ರೂಗೆ ತಗುಲಿದರೂ ಢಂ ಎನ್ನುತ್ತದೆ, ಆದ್ದರಿಂದ ಮುಚ್ಚಳ ತಿರುಗಿಸುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಹೋಲ್ಡರಿನ ಬಾಯಿ ಯಾವಾಗಲೂ ಕೆಳಮುಖ. ಡಿಸೆಂಬರಿನಲ್ಲಿ ಮಳೆ ಅಪರೂಪ, ಆದರೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಎರಡು ದಿನ ಜಿಟಿಜಿಟಿ ಹಿಡಿಯುವುದುಂಟು. ಮಳೆ ಇಲ್ಲದಿದ್ದರೆ ಬೆಳಗಿನ ಇಬ್ಬನಿ ಇದ್ದೇ ಇದೆ. ಮೇಲ್ಮುಖವಾಗಿಟ್ಟ ಹೋಲ್ಡರಿನಲ್ಲಿ ಚಮಚದಷ್ಟು ನೀರು ನಿಂತರೂ ಪಿನ್ನು ಕಿಲುಬು ಹಿಡಿಯುತ್ತದೆ. ಮನೆಗೆ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು, ಹಾಕಿಸಿದ್ದರೆ ಅದು ಬಿದ್ದು ಮನೆಯೆಲ್ಲ ಕತ್ತಲಾಗುತ್ತದೆ. ಹಾಗೆ ಬಿದ್ದರೆ ಬೈಯಬೇಡಿ, ಅದು ತನ್ನ ಕೆಲಸ ಮಾಡಿದೆ. ಹಾಕಿಸದ ಮನೆಯಲ್ಲಿ ಅದೇ ನೀರು ಕಬ್ಬಿಣದ ಗೇಟಿಗೆ ಕರೆಂಟು ಹರಿಸುತ್ತದೆ. ಗೇಟು, ಗ್ರಿಲ್ಲು, ತಗಡಿನ ಶೀಟಿನ ಮೇಲೆ ತೋರಣವನ್ನು ಬೈಂಡಿಂಗ್ ವೈರಿನಿಂದ ಬಿಗಿಯುವುದು ಅದಕ್ಕಾಗಿಯೇ ಕೂಡದು. ನೈಲಾನ್ ಹುರಿ ಅಥವಾ ಸಣಬು ಸಾಕು.

ಬಣ್ಣದ ಬಲ್ಬು ಕೊಳ್ಳುವಾಗ ಬೆರಳು ಒದ್ದೆ ಮಾಡಿಕೊಂಡು ಗಾಜನ್ನು ಉಜ್ಜಿ ನೋಡಿ. ಬೆರಳಿಗೆ ಬಣ್ಣ ಹತ್ತಿದರೆ ವಾರದೊಳಗೆ ಅದು ಮಚ್ಚೆ ಮಚ್ಚೆಯಾಗಿ ಸಿಪ್ಪೆ ಬಿಡುತ್ತದೆ. ಹಿಂದೆ ಬಣ್ಣದ ಜಿಲೆಟಿನ್ ಕಾಗದ ಸುತ್ತುವ ರೂಢಿಯೂ ಇತ್ತು. 15 ವ್ಯಾಟ್ ಬಲ್ಬು ಕೈ ಸುಡುವಷ್ಟು ಕಾಯುತ್ತದೆ, ಕಾಗದ ಮುದುಡಿ ಕರಕಲಾಗುತ್ತದೆ. ಆ ನೆನಪು ನೆನಪಾಗಿಯೇ ಇರಲಿ.

ಈಗ ಖರ್ಚು. 40 ಬಲ್ಬು ಎಂದರೆ 600 ವ್ಯಾಟ್. ಸಂಜೆ ಆರರಿಂದ ಹನ್ನೊಂದರವರೆಗೆ ಐದು ಗಂಟೆ ಉರಿಸಿದರೆ ದಿನಕ್ಕೆ 3 ಯುನಿಟ್. ಡಿಸೆಂಬರ್ 16ರಿಂದ ಜನವರಿ 1ರವರೆಗೆ 17 ದಿನಕ್ಕೆ 51 ಯುನಿಟ್. ಗೃಹಜ್ಯೋತಿ ಇರುವ ಮನೆಯವರು ಇಲ್ಲಿ ಎಚ್ಚರವಾಗಿರಬೇಕು. ನಿಮ್ಮ ಅರ್ಹ ಮಿತಿಯ ಮೇಲಿನದಕ್ಕೆ ದುಡ್ಡು ಕಟ್ಟಬೇಕಾಗುವುದು ಒಂದು, ಆ ತಿಂಗಳ ಬಳಕೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮದು. ತಿಂಗಳಿಗೆ 160 ಸುಡುವ ಮನೆಗೆ ಈ ತೋರಣದ 51 ಒಂದೇ ಬಿಲ್ಲಿನಲ್ಲಿ ಸೇರಿದರೆ 211. ಹಬ್ಬದ ದೀಪಕ್ಕೆ ಸೆಸ್ಕ್ ಬಿಲ್ಲು ಕೊಡುವ ಉಡುಗೊರೆ ಅದು.

ಅದಕ್ಕೆ ಎರಡು ದಾರಿ. 24, 25, 31, 1 ಈ ನಾಲ್ಕೇ ರಾತ್ರಿ ಉರಿಸಿದರೆ 12 ಯುನಿಟ್ಟಿನಲ್ಲಿ ಮುಗಿಯುತ್ತದೆ. ತಂತಿಯ ಬಲ್ಬೇ ಬೇಕೆನ್ನುವವರಿಗೆ ಇದೇ ಸರಿ. ಇಲ್ಲವಾದರೆ ಅದೇ ಹೋಲ್ಡರಿಗೆ ಅರ್ಧ ವ್ಯಾಟಿನ ಎಲ್‌ಇಡಿ ಜೀರೋ ಬಲ್ಬು ಹಾಕಿ. 40ಕ್ಕೆ 20 ವ್ಯಾಟ್, 17 ದಿನಕ್ಕೆ ಎರಡು ಯುನಿಟ್ಟೂ ಆಗುವುದಿಲ್ಲ. ಅಂತರ ಅದೇ, ಉರಿ ಅಲುಗುವುದಿಲ್ಲ, ನಾಲ್ಕರಲ್ಲಿ ಮೂರು ಗುಣ ಉಳಿಯುತ್ತವೆ. ಬಿಳಿಯದು ಬೇಡ, ಹಳದಿ ಅಥವಾ ವಾರ್ಮ್ ಕೇಳಿ. ನಮ್ಮ ಮತ ಕೇಳಿದರೆ ಒಮ್ಮೆ ಗಟ್ಟಿಯಾಗಿ ತೋರಣ ಕಟ್ಟಿಟ್ಟುಕೊಂಡು, ಹದಿಮೂರು ದಿನ ಎಲ್‌ಇಡಿ, ನಾಲ್ಕು ರಾತ್ರಿ ತಂತಿಯ ಬಲ್ಬು. ಬಲ್ಬು ಬದಲಿಸಲು ಅರ್ಧ ಗಂಟೆಯೂ ಬೇಡ.

ತಂತಿಯ ಬಲ್ಬಿನ ಆಯಸ್ಸು ಹೆಚ್ಚಿಸಲು ಡಿಮ್ಮರ್ ಹಾಕಬಹುದು. ವೋಲ್ಟೇಜ್ ಹತ್ತರಲ್ಲೊಂದು ಭಾಗ ಇಳಿಸಿದರೆ ಬೆಳಕು ಹತ್ತರಲ್ಲಿ ಏಳು ಪಾಲಾಗುತ್ತದೆ, ಬಲ್ಬು ಮೂರು ನಾಲ್ಕು ಪಟ್ಟು ಹೆಚ್ಚು ಕಾಲ ಬಾಳುತ್ತದೆ. ಮೇಲಾಗಿ, ಹಿಂದೆ ಸಂಜೆ ಹೊತ್ತು ಕರೆಂಟು ಸೊರಗಿದಾಗ ಬರುತ್ತಿದ್ದ ಆ ಕೆಂಪು ಛಾಯೆ ಬರುತ್ತದೆ. ಆದರೆ ಮನೆಯಲ್ಲಿ ಬಿದ್ದಿರುವ ಫ್ಯಾನ್ ರೆಗ್ಯುಲೇಟರ್ ತಂದು ಜೋಡಿಸಬೇಡಿ. ಅದು ಒಂದು ಫ್ಯಾನಿನ ಭಾರಕ್ಕೆ ಮಾಡಿದ್ದು, 600 ವ್ಯಾಟಿಗೆ ಸುಟ್ಟುಹೋಗುತ್ತದೆ. 1000 ವ್ಯಾಟಿನ ಲೈಟ್ ಡಿಮ್ಮರೇ ಬೇಕು.

ಅಟ್ಟದ ಮೇಲಿನ ಸೀರಿಯಲ್ ಸೆಟ್ಟು

ಸೀರೀಸ್ ಎನ್ನುವುದು ನಮ್ಮ ಬಾಯಲ್ಲಿ ಸೀರಿಯಲ್ ಆಗಿ ಎಷ್ಟೋ ಕಾಲವಾಯಿತು. ಅಕ್ಕಿಕಾಳಿನ ಆಕಾರದ ಪುಟ್ಟ ಗಾಜಿನ ಬಲ್ಬು, ಪ್ಲಾಸ್ಟಿಕ್ ಹೂವಿನ ಟೋಪಿ, ಹಸಿರು ವೈರು. ಇದರ ಲೆಕ್ಕ ಸರಳ. ಬಲ್ಬುಗಳೆಲ್ಲ ಒಂದೇ ಸಾಲಿನಲ್ಲಿ ಒಂದರ ಹಿಂದೊಂದು ಕೂತು 230 ವೋಲ್ಟನ್ನು ಹಂಚಿಕೊಳ್ಳುತ್ತವೆ. 6 ವೋಲ್ಟಿನ ಬಲ್ಬಾದರೆ 38 ಬೇಕು, 12 ವೋಲ್ಟಿನದಾದರೆ 19 ಅಥವಾ 20, ಎರಡೂವರೆ ವೋಲ್ಟಿನದಾದರೆ 92. ಹಳೆಯ ಸೆಟ್ಟಿಗೆ ಬದಲಿ ಬಲ್ಬು ತರುವ ಮುನ್ನ ಬಲ್ಬು ಎಣಿಸಿ 230ನ್ನು ಅದರಿಂದ ಭಾಗಿಸಿ. ಬರುವ ಸಂಖ್ಯೆಯೇ ನೀವು ಅಂಗಡಿಯಲ್ಲಿ ಕೇಳಬೇಕಾದ ವೋಲ್ಟು. ನೋಡಲು ಒಂದೇ ಥರ ಇದೆಯೆಂದು 12ರ ಸೆಟ್ಟಿಗೆ 6ರ ಬಲ್ಬು ಸಿಕ್ಕಿಸಬೇಡಿ.

ಒಂದು ಬಲ್ಬು ಹೋದರೆ ಪೂರ್ತಿ ಸೆಟ್ಟು ಆರುವುದು ಇದರ ಹಣೆಬರಹ. ಕೆಲವು ಸೆಟ್ಟುಗಳ ಬಲ್ಬಿನಲ್ಲಿ ಕಾಲುಗಳ ಬುಡಕ್ಕೆ ತೆಳು ಲೇಪನದ ತಂತಿ ಸುತ್ತಿರುತ್ತದೆ. ಬಲ್ಬಿನ ತಂತಿ ಕಡಿದಾಗ ಇಡೀ 230 ವೋಲ್ಟು ಆ ಲೇಪನದ ಮೇಲೆ ಬಿದ್ದು ಅದು ಒಡೆಯುತ್ತದೆ, ಕರೆಂಟು ಆ ದಾರಿಯಲ್ಲಿ ಹರಿದು ಉಳಿದವು ಉರಿಯುತ್ತವೆ. ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದರೆ ಎರಡು ಕಾಲಿನ ನಡುವೆ, ಗಾಜಿನ ಮಣಿಯ ಕೆಳಗೆ, ಈ ಸುತ್ತು ಕಾಣುತ್ತದೆ. ಕಾಣದಿದ್ದರೆ ನಿಮ್ಮದು ಒಂದು ಹೋದರೆ ಎಲ್ಲವೂ ಹೋಗುವ ಜಾತಿ.

ಸತ್ತ ಬಲ್ಬನ್ನು ಹುಡುಕಲು ಒಂದೊಂದನ್ನೇ ಕಿತ್ತು ಒಳ್ಳೆಯದೊಂದನ್ನು ಹಾಕಿ ನೋಡುತ್ತ ಹೋದರೆ ಸಂಜೆ ಕಳೆಯುತ್ತದೆ. ಎರಡು ಬಲ್ಬು ಒಟ್ಟಿಗೆ ಹೋಗಿದ್ದರೆ ಆ ವಿಧಾನದಿಂದ ಸಿಕ್ಕುವುದೇ ಇಲ್ಲ. ಬದಲಿಗೆ ಪ್ಲಗ್ಗು ಕಿತ್ತು, ಮಲ್ಟಿಮೀಟರನ್ನು ಬೀಪ್ ಕೊಡುವ ಗುರುತಿಗೆ ತಿರುಗಿಸಿ. ಇಡೀ ಸಾಲಿನ ತಂತಿ ಕಾಯದಿದ್ದಾಗಲೂ ಒಂದಿಷ್ಟು ತಡೆ ತೋರಿಸುವುದರಿಂದ ಬೀಪ್ ಬರದಿದ್ದರೂ ಅಂಕಿ ಬಂದರೆ ಸಾಕು, ದಾರಿ ತೆರೆದಿದೆ ಎಂದರ್ಥ. ಪ್ಲಗ್ಗಿನ ಒಂದು ಪಿನ್ನಿಗೆ ಒಂದು ಕಡ್ಡಿ, ಸೆಟ್ಟಿನ ನಟ್ಟನಡುವಿನ ಬಲ್ಬಿನ ಕಾಲಿಗೆ ಇನ್ನೊಂದು. ಅಂಕಿ ಬಂದರೆ ಈ ಅರ್ಧ ಸರಿ, ತೊಂದರೆ ಆ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ 38 ಬಲ್ಬಿನ ಸೆಟ್ಟಿನಲ್ಲಿ ಹೆಚ್ಚೆಂದರೆ ಆರನೇ ಸಲಕ್ಕೆ ಬಲ್ಬು ಕೈಗೆ ಸಿಕ್ಕುತ್ತದೆ. ಕೆಲವೊಮ್ಮೆ ಬಲ್ಬು ಸರಿಯಾಗಿಯೇ ಇದ್ದು, ಅದರ ಕೂದಲಿನಂಥ ಕಾಲು ಮಡಚಿಕೊಂಡು ಹೋಲ್ಡರಿನ ಹಿತ್ತಾಳೆಗೆ ತಾಗದೇ ಇರುತ್ತದೆ. ಮೊದಲು ಅದನ್ನು ನೆಟ್ಟಗೆ ಮಾಡಿ ನೋಡಿ.

ಹೋದ ಬಲ್ಬನ್ನು ಕಿತ್ತು ಅಲ್ಲಿ ವೈರು ವೈರು ಸೇರಿಸಿ ಟೇಪು ಸುತ್ತುವ ಚಾಳಿ ಹಳೆಯದು. ಒಂದಕ್ಕೆ ಏನೂ ಆಗುವುದಿಲ್ಲ, ಅದೇ ಮೋಸ. 38ರಲ್ಲಿ ಮೂರನ್ನು ಹಾಗೆ ತೆಗೆದರೆ ಉಳಿದ ಒಂದೊಂದಕ್ಕೂ 6.05ರ ಬದಲು 6.57 ವೋಲ್ಟು ಬೀಳುತ್ತದೆ. ಅಷ್ಟಕ್ಕೇ ಅವುಗಳ ಆಯಸ್ಸು ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಆಮೇಲೆ ನಾಲ್ಕನೆಯದು, ಐದನೆಯದು ಬೇಗ ಬೇಗ. ಕೊನೆಗೆ ಒಂದು ರಾತ್ರಿ ಸಾಲಾಗಿ ಎಲ್ಲವೂ. ಸೆಟ್ಟು ಹಾಳಾಯಿತೆಂದು ಎಸೆಯುವವರಲ್ಲಿ ಹೆಚ್ಚಿನವರು ಹೀಗೆ ತಾವೇ ಕೊಂದವರು.

ಟೇಪು ಬಿಚ್ಚಿ ಬಲ್ಬುಗಳನ್ನು ಎಣಿಸಿ. ಐದಕ್ಕಿಂತ ಹೆಚ್ಚು ಬಲ್ಬು ಇಲ್ಲವಾಗಿದ್ದರೆ, ವೈರನ್ನು ಬಗ್ಗಿಸಿದಾಗ ಪ್ಲಾಸ್ಟಿಕ್ಕು ಬಿರಿದರೆ, ಅಥವಾ ಇಲಿ ಕಡಿದ ಗುರುತಿದ್ದರೆ ಆ ಸೆಟ್ಟನ್ನು ಉರಿಸುವ ಆಸೆ ಬಿಡಿ. ಒಳ್ಳೆಯ ಬಲ್ಬುಗಳನ್ನು ಕಿತ್ತು ಇನ್ನೊಂದು ಸೆಟ್ಟಿಗೆ ಇಟ್ಟುಕೊಳ್ಳಿ. ಸೆಟ್ಟು ಗಟ್ಟಿಯಿದ್ದರೆ ಮನೆಯೊಳಗೆ ಮಾತ್ರ ಕಟ್ಟಿ. ಜಗುಲಿಯ ಕಿಟಕಿಗೋ ಷೋಕೇಸಿಗೋ ಇದಕ್ಕಿಂತ ಚೆಂದದ್ದು ಬೇರೆ ಇಲ್ಲ.

ಮಿಣುಕಿಸುವ ಬಲ್ಬಿನ ಬಗ್ಗೆ ಒಂದು ಮಾತು. ಸೆಟ್ಟಿನಲ್ಲಿ ತುದಿ ಕೆಂಪಗಿರುವ ಒಂದು ಬಲ್ಬು ಇರುತ್ತದಲ್ಲ, ಅದರೊಳಗೆ ಎರಡು ಲೋಹ ಬೆಸೆದ ಪಟ್ಟಿಯಿದೆ. ಕಾದಾಗ ಬಾಗಿ ದಾರಿ ಕಡಿಯುತ್ತದೆ, ಎಲ್ಲ ಆರುತ್ತವೆ; ತಣಿದಾಗ ಮತ್ತೆ ತಾಗುತ್ತದೆ. ಆ ನಿಧಾನದ, ಲಯ ತಪ್ಪುವ ಮಿಣುಕು ಯಾವ ಕಂಟ್ರೋಲರ್ ಡಬ್ಬಿಗೂ ಬರುವುದಿಲ್ಲ. ಬೇಡವಾದರೆ ಅದೊಂದನ್ನು ಕಿತ್ತು ಮಾಮೂಲಿ ಬಲ್ಬು ಹಾಕಿ, ಸೆಟ್ಟು ಸ್ಥಿರವಾಗಿ ಉರಿಯುತ್ತದೆ.

ಅಮೆರಿಕದಿಂದ ಬಂದ ಹಳೆಯ ಸೆಟ್ಟು

ಕುವೆಂಪುನಗರ, ಸರಸ್ವತಿಪುರಂ ಮನೆಗಳಿಗೆ ಮಕ್ಕಳು ಅಲ್ಲಿಂದ ತಂದುಕೊಡುವ ಹಳೇ ಮಾದರಿಯ ದಪ್ಪ ಬಣ್ಣದ ಬಲ್ಬುಗಳ ಸರಗಳಿವೆ. ವಿದ್ಯುತ್ ಬಲ್ಬಿನ ಕ್ರಿಸ್‌ಮಸ್ ಮರ ಹುಟ್ಟಿದ್ದೇ ಅಲ್ಲಿ. 1882ರಲ್ಲಿ ಎಡಿಸನ್ ಜೊತೆಗಾರ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿಯ 80 ಬಲ್ಬು ಕಟ್ಟಿದ. ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ತು ಶುರುವಾದದ್ದು 1902ರಲ್ಲಿ. ಅದೂ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮೈಸೂರಿಗೆ ದೀಪ ಬಂದದ್ದು 1908ರಲ್ಲಿ.

ಈ ಸರಗಳು 120 ವೋಲ್ಟಿನವು. ಅಡಾಪ್ಟರ್ ಪಿನ್ನು ಸಿಕ್ಕಿಸಿ ನಮ್ಮ ಪ್ಲಗ್ಗಿಗೆ ಹಾಕಿದರೆ ಎಲ್ಲವೂ ಒಂದೇ ಕ್ಷಣದಲ್ಲಿ ಹೋಗುತ್ತವೆ. ಪಿನ್ನು ಬದಲಿಸಿದರೆ ವೋಲ್ಟು ಬದಲಾಗುವುದಿಲ್ಲ. 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. 7 ವ್ಯಾಟಿನ 25 ಬಲ್ಬಿನ ಸರಕ್ಕೆ 175 ವ್ಯಾಟ್ ಆಗುವುದರಿಂದ 250 ವಿಎ (ವೋಲ್ಟ್ ಆಂಪಿಯರ್) ಸಾಮರ್ಥ್ಯದ್ದು ಕೊಳ್ಳಿ, ಅಂಚಿಗೆ ಅಂಚು ಕೊಂಡರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುತ್ತ ಕಾಯುತ್ತದೆ. 50 ಹರ್ಟ್ಜ್, 60 ಹರ್ಟ್ಜ್ ವ್ಯತ್ಯಾಸದಿಂದ ಬಲ್ಬಿಗೆ ಏನೂ ಇಲ್ಲ. 1940ರ ದಶಕದಲ್ಲಿ ಅಲ್ಲಿ ಮನೆಮಾತಾದ ಗುಳ್ಳೆ ದೀಪಗಳೂ ಕೆಲವರಲ್ಲಿವೆ. ಮೇಣದ ಬತ್ತಿಯಂಥ ಕೊಳವೆಯಲ್ಲಿ ಬೇಗ ಕುದಿಯುವ ದ್ರವ, ಕೆಳಗಿನ ಬಲ್ಬಿನ ಬಿಸಿಗೆ ಗುಳ್ಳೆ ಏಳುತ್ತದೆ. ಅವನ್ನು ನೆಟ್ಟಗೆ ನಿಲ್ಲಿಸಬೇಕು, ಮಕ್ಕಳ ಕೈಗೆ ಸಿಗದಷ್ಟು ಮೇಲಿಡಬೇಕು. ಒಳಗಿನ ದ್ರವ ವಿಷ.

ಇಷ್ಟೆಲ್ಲ ಮಾಡಿ ಉರಿಸುವುದು ಸಾರ್ಥಕವೇ? ಕೊಟ್ಟವರ ನೆನಪಿಗಾದರೆ ಹೌದು. ಬರಿಯ ಬೆಳಕಿಗಾದರೆ ಜೀರೋ ಬಲ್ಬೇ ಸಾಕು.

ಎಲ್‌ಇಡಿಯಲ್ಲಿ ಹಳೆಯದನ್ನು ಹುಡುಕುವುದು

ಬಹುಪಾಲು ಮನೆಗಳಿಗೆ ಕೊನೆಗೆ ಎಲ್‌ಇಡಿಯೇ. ಆದ್ದರಿಂದ ಇದರ ತಪ್ಪುಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲನೆಯದು ನಡುಕ. ಅಗ್ಗದ ಸೆಟ್ಟುಗಳು ಕರೆಂಟಿನ ಅರ್ಧ ಅಲೆಯನ್ನಷ್ಟೇ ಬಳಸುತ್ತವೆ, ಸೆಕೆಂಡಿಗೆ 50 ಸಲ ಪೂರ್ತಿ ಆರಿ ಹತ್ತುತ್ತವೆ. ನೇರ ನೋಡಿದರೆ ತಿಳಿಯದು, ಕಣ್ಣು ಅತ್ತಿತ್ತ ಹೊರಳಿದಾಗ ಕಿರಿಕಿರಿ. ತಂತಿಯ ಬಲ್ಬಿನಲ್ಲಿ ತಂತಿ ತಣಿಯಲು ಹೊತ್ತು ಬೇಕಾದ್ದರಿಂದ ಈ ಗೋಳಿಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಹಚ್ಚಿದ ಸೆಟ್ಟಿನ ತುದಿಯನ್ನು ಹಿಡಿದು ಗಾಳಿಯಲ್ಲಿ ಬೀಸಿ. ಬೆಳಕಿನ ಗೆರೆ ತುಂಡು ತುಂಡಾಗಿ ಕಂಡರೆ ನಡುಕ ಇದೆ, ಗೆರೆ ಕೂಡಿಕೊಂಡಂತಿದ್ದರೆ ತೆಗೆದುಕೊಳ್ಳಿ. ಬೀಸುವ ಮುಂಚೆ ಅಂಗಡಿಯವರಿಗೆ ಒಂದು ಮಾತು ಹೇಳಿ.

ಎರಡನೆಯದು ಚುಚ್ಚುವ ಬೆಳಕು. ಎಲ್‌ಇಡಿಯ ತಲೆ ಗುಂಡಗೆ ನಯವಾಗಿರುವುದರಿಂದ ಅದೇ ಮಸೂರವಾಗಿ ಬೆಳಕನ್ನೆಲ್ಲ ಮುಂದಕ್ಕೆ ತಳ್ಳುತ್ತದೆ. ಇದಕ್ಕೆ ಮದ್ದು ಬಲು ಸುಲಭ. 400 ನಂಬರಿನ ಎಮರಿ ಕಾಗದದ ಚಿಕ್ಕ ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮಡಚಿ ಹಿಡಿದು, ಪ್ಲಗ್ಗು ಕಿತ್ತ ಸೆಟ್ಟಿನ ಒಂದೊಂದು ತಲೆಯನ್ನೂ ಅದರೊಳಗೆ ನಾಲ್ಕೈದು ಸುತ್ತು ತಿರುಗಿಸಿ. ಹೊಳಪು ಹೋಗಿ ಮಂಜು ಕವಿದಂತಾದರೆ ಸಾಕು. ಹಚ್ಚಿ ನೋಡಿದರೆ ಚುಕ್ಕೆ ಹೋಗಿ ಪುಟ್ಟ ಉಂಡೆಯಾಗಿರುತ್ತದೆ, ಪಕ್ಕದ ಎಲೆಯ ಮೇಲೂ ಬೆಳಕು ಬಿದ್ದಿರುತ್ತದೆ. 100 ಬಲ್ಬಿಗೆ ಒಂದು ಗಂಟೆ ಹಿಡಿಯುತ್ತದೆ, ಮಾತಾಡುತ್ತ ಮಾಡುವ ಕೆಲಸ.

ಬಣ್ಣದ ಸೆಟ್ಟಿನಲ್ಲಿ ಕೆಡಿಸುವುದು ನೀಲಿ. ತಂತಿಯ ಬಲ್ಬಿನ ಬೆಳಕಿನಲ್ಲಿ ನೀಲಿಯ ಅಂಶವೇ ಕಡಿಮೆ, ನೀಲಿ ಗಾಜಿನೊಳಗಿಂದ ಬರುತ್ತಿದ್ದದ್ದು ಮಬ್ಬು ಮಬ್ಬು ಶಾಯಿ ಬಣ್ಣ. ಎಲ್‌ಇಡಿಯ ನೀಲಿ ಆಸ್ಪತ್ರೆಯ ಆಂಬುಲೆನ್ಸಿನಂತೆ ಹೊಡೆಯುತ್ತದೆ. ಬಣ್ಣದ ಸೆಟ್ಟಿನ ಬದಲು ವಾರ್ಮ್ ವೈಟ್ ಸೆಟ್ಟು ತಂದು, ಎಮರಿ ಉಜ್ಜಿದ ಮೇಲೆ ಕರಕುಶಲ ಅಂಗಡಿಯಲ್ಲಿ ಸಿಗುವ ಗ್ಲಾಸ್ ಕಲರ್ ತೆಳುವಾಗಿ ಒಂದು ಕೈ ಬಳಿಯಿರಿ. ಕೆಂಪು, ಹಸಿರು, ಕಿತ್ತಳೆ ಹೆಚ್ಚು, ನೀಲಿ ಹತ್ತಕ್ಕೊಂದು. ಒಂದು ದಿನ ಒಣಗಲು ಬಿಡಿ. ಎಲ್‌ಇಡಿ ಹೆಚ್ಚು ಕಾಯದ ಕಾರಣ ಬಣ್ಣ ನಿಲ್ಲುತ್ತದೆ, ಇದನ್ನೇ ತಂತಿಯ ಬಲ್ಬಿಗೆ ಬಳಿದರೆ ಸುಟ್ಟ ವಾಸನೆ.

ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತು, ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಡಬ್ಬಿಯ ಮೇಲಿದೆಯೇ ನೋಡಿ. ಎಂಟು ಬಗೆಯಲ್ಲಿ ಮಿಣುಕಿಸುವ ಕಂಟ್ರೋಲರ್ ಇದ್ದರೆ ಸ್ಥಿರವಾಗಿ ಉರಿಯುವ ಗುಂಡಿಗೆ ಒತ್ತಿ ಮರೆತುಬಿಡಿ. ಪ್ರತಿ ಸಲ ಕರೆಂಟು ಹೋಗಿ ಬಂದಾಗ ಮೊದಲ ಕುಣಿತಕ್ಕೇ ಹಿಂತಿರುಗುವ ಸೆಟ್ಟಾದರೆ ಬೇಡವೇ ಬೇಡ. ಸ್ವಿಚ್ಚು ಆರಿಸಿದ ಮೇಲೂ ಸೆಟ್ಟು ಮಂಕಾಗಿ ಮಿಣಮಿಣ ಎನ್ನುತ್ತಿದ್ದರೆ ದೆವ್ವವಲ್ಲ, ಮನೆಯ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ಕಡಿಯುತ್ತಿರಬಹುದು. ಅದನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸುವುದು ಹಬ್ಬಕ್ಕಿಂತ ಮುಖ್ಯ.

ಒಂದೊಂದು ಬಲ್ಬಿನ ಬಣ್ಣವನ್ನೂ ಬೇರೆ ಬೇರೆಯಾಗಿ ಬದಲಿಸಬಹುದಾದ ಪಿಕ್ಸೆಲ್ ದೀಪಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಸರೆಯ ವೃತ್ತಗಳಲ್ಲಿ ಅವು ಚೆನ್ನ. ಮನೆಗೆ ಕಟ್ಟುವವರು ಒಂದೇ ಸಪ್ಲೈಯಿಂದ ತೀರಾ ಹೆಚ್ಚು ಜೋಡಿಸಿದಾಗ ಕೊನೆಯ ಬಲ್ಬುಗಳು ಬಿಳಿಯ ಬದಲು ಕೆಂಪಾಗುತ್ತವೆ. ದಾರಿಯಲ್ಲಿ ವೋಲ್ಟು ಕರಗಿ, ಹೆಚ್ಚು ವೋಲ್ಟು ಬೇಡುವ ನೀಲಿ, ಹಸಿರು ಮೊದಲು ಸೊರಗುತ್ತವೆ. ತುದಿಯಿಂದಲೂ ಇನ್ನೊಂದು ಸಪ್ಲೈ ವೈರು ಕೊಟ್ಟರೆ ಸರಿಹೋಗುತ್ತದೆ. ಹಳೇ ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ.

ನಕ್ಷತ್ರ, ಗೋದಲಿ, ಮರ

ಕಾಗದದ ನಕ್ಷತ್ರಕ್ಕೆ ಮಾಮೂಲಿ ಎಲ್‌ಇಡಿ ಬಲ್ಬು ಹಾಕಿದವರು ಒಂದು ವಿಚಿತ್ರ ಗಮನಿಸಿರುತ್ತಾರೆ: ಕೆಳಗಿನ ಮೂಲೆಗಳು ಬೆಳಗುತ್ತವೆ, ಮೇಲಿನ ಮೂಲೆ ಕತ್ತಲು. ಆ ಬಲ್ಬಿನ ಅರ್ಧ ಭಾಗ ಬೆಳಕು ಬಿಡದ ಪ್ಲಾಸ್ಟಿಕ್ಕು, ಜೋತುಬಿದ್ದಾಗ ಅದು ಮೇಲಕ್ಕೆ ನೆರಳು ಹಾಕುತ್ತದೆ. ಪೂರ್ತಿ ಗಾಜಿನ, ಒಳಗೆ ಹಳದಿ ಕಡ್ಡಿಗಳಿರುವ ಫಿಲಮೆಂಟ್ ಎಲ್‌ಇಡಿ ಹಾಕಿ. 4 ವ್ಯಾಟ್ ಸಾಕು, ಐದೂ ಮೂಲೆ ಸಮನಾಗಿ ಬೆಳಗುತ್ತವೆ. 2 ಅಡಿಯ ನಕ್ಷತ್ರದ ನಟ್ಟನಡುವೆ ಬಲ್ಬು ನಿಲ್ಲಬೇಕು. ವೈರನ್ನು ಮೇಲಿನ ಮೂಲೆಯ ತೂತಿನಲ್ಲಿ ಗಂಟು ಹಾಕದಿದ್ದರೆ ಗಾಳಿಗೆ ಜಾರಿ ಕೆಳಗೆ ಕೂರುತ್ತದೆ. ತಂತಿಯ ಬಲ್ಬೇ ಬೇಕೆಂದರೆ 15 ವ್ಯಾಟಿನದು, ಬಿಸಿ ಹೊರಹೋಗಲು ಮೇಲೆ ಎರಡು ತೂತು. 40 ವ್ಯಾಟ್ ಹಾಕಿ ಮಲಗಬೇಡಿ.

ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಲ್ಲಿ, ಹಸಿರಿಗೆಂದು ಚಿಪ್ಪಿನಲ್ಲೋ ತಟ್ಟೆಯಲ್ಲೋ ರಾಗಿ ಬಿತ್ತುವ ಮನೆಗಳಲ್ಲಿ ದೀಪದ ಆಯ್ಕೆ ತಾನಾಗಿ ನಿರ್ಧಾರವಾಗುತ್ತದೆ. ಡಿಸೆಂಬರ್ 14ರ ಹೊತ್ತಿಗೆ ಬಿತ್ತಿದರೆ 24ಕ್ಕೆ ಎರಡು ಮೂರು ಇಂಚು ಪೈರು. ದಿನಾ ನೀರು ಚಿಮುಕಿಸುವ, ಒದ್ದೆ ಮಣ್ಣು ಹಾಸಿದ, ಮಕ್ಕಳು ಕೈಯಾಡಿಸುವ ಜಾಗವದು. ಅಲ್ಲಿ 230 ವೋಲ್ಟಿನ ಯಾವ ಸೆಟ್ಟೂ ಕೂಡದು, ಹಳೆಯದೂ ಹೊಸದೂ. 5 ವೋಲ್ಟಿನ ತಾಮ್ರದ ತಂತಿಯ ಫೇರಿ ದೀಪವನ್ನು ಫೋನ್ ಚಾರ್ಜರಿಗೋ ಬ್ಯಾಟರಿಗೋ ಹಾಕಿ. ಕೊಟ್ಟಿಗೆಯ ಸೂರಿನ ಹಿಂದೆ ಅದನ್ನು ಮುದ್ದೆ ಮಾಡಿ ಮರೆಯಾಗಿಟ್ಟು, ಮುಂದೆ ಒಂದು ಪದರ ಬೆಣ್ಣೆಕಾಗದ ಹಿಡಿದರೆ ಲಾಂದ್ರದ ಬೆಳಕಿನಂತೆ ಬರುತ್ತದೆ.

ಮರಕ್ಕೆ ಸರ್ವೆ ಕೊಂಬೆ ತರುವವರು ಅದನ್ನು ಒದ್ದೆ ಮರಳಿನ ಬಕೆಟ್ಟಿನಲ್ಲಿ ನಿಲ್ಲಿಸಿದರೂ ಒಂದು ವಾರಕ್ಕೆ ಒಣಗಿ ಗರಿಗರಿ ಆಗುತ್ತದೆ. ಅಕ್ಕಿಕಾಳು ಬಲ್ಬಿನ ಬಿಸಿಗೆ ಅದು ಹೊತ್ತಿಕೊಳ್ಳುವುದು ಕಡಿಮೆ. ಅಪಾಯ ಇರುವುದು ಸಡಿಲ ಹೋಲ್ಡರಿನ ಕಿಡಿಯಲ್ಲಿ. ಹಾಗಾಗಿ ಕಡಿದ ಸರ್ವೆಗೆ ಎಲ್‌ಇಡಿ ಮಾತ್ರ. 5 ಅಡಿಯ ಕೊಂಬೆಗೆ ಎಮರಿ ಉಜ್ಜಿದ 100 ಬಲ್ಬಿನ ಒಂದು ಸೆಟ್ಟು ಸಾಕು. ಹೊರಗಿನಿಂದ ಸುತ್ತದೆ ಕಾಂಡದ ಹತ್ತಿರದಿಂದ ತುದಿಗೆ, ಮತ್ತೆ ತುದಿಯಿಂದ ಕಾಂಡಕ್ಕೆ ಎಳೆಯಿರಿ. ಒಳಗೂ ಬೆಳಕಿದ್ದರೆ ಮರಕ್ಕೆ ಆಳ ಬರುತ್ತದೆ. ಕುಂಡದಲ್ಲಿ ಬೆಳೆದ ಹಸಿ ಅರೌಕೇರಿಯಾ (ಕ್ರಿಸ್‌ಮಸ್ ಗಿಡ) ಇದ್ದರೆ ಅಟ್ಟದ ಸೀರಿಯಲ್ ಸೆಟ್ಟಿಗೆ ಅದೇ ತಕ್ಕ ಜಾಗ.

ಬಾಡಿಗೆ ಮನೆ, ಮೊಳೆ ಹೊಡೆಯುವ ಹಾಗಿಲ್ಲ, ಬಾಲ್ಕನಿ ಮಾತ್ರ ಇದೆ ಎನ್ನುವವರು ತೋರಣದ ಗೋಜಿಗೆ ಹೋಗದೆ ಒಂದು ಒಳ್ಳೆಯ ನಕ್ಷತ್ರ, ಕಂಬಿಗೆ 12 ಎಲ್‌ಇಡಿ ಜೀರೋ ಬಲ್ಬು ಕಟ್ಟಿದರೆ ಸಾಕು. ದೊಡ್ಡ ಮನೆ, ಒಂದೆರಡು ರಾತ್ರಿಗಷ್ಟೇ ಬೇಕು ಎಂದರೆ ಕೊಳ್ಳುವುದೇಕೆ? ಶಾಮಿಯಾನ, ಲೈಟಿಂಗ್ಸ್‌ನವರ ಹತ್ತಿರ ಬಾಡಿಗೆಗೆ ಕೇಳಿ. ಕಟ್ಟಿಸುವ ಮುಂಚೆ ಅವರ ವೈರನ್ನು ಒಮ್ಮೆ ಬೆರಳಿನಿಂದ ತಡವಿ ಗಂಟು, ಬಿರುಕು ನೋಡಿ. ಬರೀ ಬಿಳಿ ಪಟಪಟ ಸೆಟ್ಟು ತಂದರೆ ಹಿಂದಕ್ಕೆ ಕಳಿಸಿ.

ಜನವರಿ 6ರ ಮೂರು ರಾಜರ ಹಬ್ಬ ಕಳೆದ ಮೇಲೆ ಬಿಚ್ಚುವಾಗ ಬಿಸಿಲಿನಲ್ಲಿ ಎರಡು ಗಂಟೆ ಹರವಿ ಇಬ್ಬನಿಯ ತೇವ ಆರಿಸಿ. ಮೊಳಕೈಗೆ ಸುತ್ತಿದರೆ ಮುಂದಿನ ವರ್ಷ ಸಿಕ್ಕು ಬಿಡಿಸುವುದೇ ಹಬ್ಬವಾಗುತ್ತದೆ. ರಟ್ಟಿನ ತುಂಡಿನ ಎರಡು ಅಂಚಿಗೆ ಕಚ್ಚು ಕೊಯ್ದು ಅದಕ್ಕೆ ಸುತ್ತಿ. ತೋರಣದ ಬಲ್ಬುಗಳನ್ನು ಹೋಲ್ಡರಿನಿಂದ ಬಿಡಿಸಿ ಮೊಟ್ಟೆಯ ಟ್ರೇಯಲ್ಲಿಡಿ. ಅಟ್ಟದ ಮೇಲೆ ಇಡುವುದಾದರೆ ಮುಚ್ಚಳ ಬಿಗಿಯಾಗುವ ತಗಡಿನ ಡಬ್ಬಿಯೇ ಆಗಬೇಕು, ಇಲಿಗೆ ಹಸಿರು ವೈರೆಂದರೆ ಎಲ್ಲಿಲ್ಲದ ಪ್ರೀತಿ. ಡಬ್ಬಿಯ ಮೇಲೆ ಬಲ್ಬಿನ ವೋಲ್ಟು, ಒಟ್ಟು ಎಷ್ಟು, ಎಷ್ಟು ಹೋಗಿವೆ ಎಂದು ಬರೆದ ಚೀಟಿ ಅಂಟಿಸಿ.